ತಲೆ ಉಳಿಯಿತು, ದವಡೆ?

ಹೆಲ್ಮೆಟ್ ಕುರಿತು ಓದುಗರು ಕಳಿಸಿದ ಪತ್ರಗಳಿಗೆ ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸಕರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಯಜಮಾನರು ದಿನಾ ಸ್ಕೂಟರಿನಲ್ಲಿ ಕಚೇರಿಗೆ ಹೋಗುತ್ತಾರೆ. ತಲೆಯ ಮೇಲೆ ಬಟ್ಟಲು ಬೋರಲು ಹಾಕಿದಂಥ ಅರ್ಧ ಹೆಲ್ಮೆಟ್. ಕೇಳಿದರೆ “ಪೊಲೀಸರೇ ಸುಮ್ಮನಿದ್ದಾರೆ, ನಿನ್ನದೇನು” ಎನ್ನುತ್ತಾರೆ. ಮುಖವೆಲ್ಲ ಮುಚ್ಚುವ ಹೆಲ್ಮೆಟ್ಟಿನಿಂದ ಹೆಚ್ಚಿಗೆ ಸಿಗುವುದಾದರೂ ಏನು?
— ಗೃಹಿಣಿ, ಮೈಸೂರು

ಉತ್ತರ: ದವಡೆ ಉಳಿಯುತ್ತದೆ. ಸ್ಕೂಟರಿನಿಂದ ಬೀಳುವವರೆಲ್ಲರೂ ನೆತ್ತಿಯನ್ನೇ ನೆಲಕ್ಕೆ ಕೊಟ್ಟು ಬೀಳುವುದಿಲ್ಲ. ಹಂಪು ಕಾಣದೆ ಹಾರಿದಾಗ, ಮುಂದಿನ ಆಟೋ ಗಕ್ಕನೆ ನಿಂತು ಬ್ರೇಕ್ ಅದುಮಿದಾಗ, ಮೈ ಹ್ಯಾಂಡಲ್ ದಾಟಿ ಮುಂದಕ್ಕೆ ಹೋಗುತ್ತದೆ. ಅಂಗೈ ಊರಲು ಸಮಯ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಗದ್ದವೇ ಡಾಂಬರಿಗೆ. ಜರ್ಮನಿಯ ಹ್ಯಾನೋವರ್ ವೈದ್ಯಕೀಯ ವಿಶ್ವವಿದ್ಯಾಲಯದ ಡೀಟ್ಮಾರ್ ಓಟ್ಟೆ ಅವರು ಅಪಘಾತದಲ್ಲಿ ಸಿಕ್ಕ ಹೆಲ್ಮೆಟ್ಟುಗಳ ಮೇಲೆ ಪೆಟ್ಟು ಎಲ್ಲೆಲ್ಲಿ ಬಿದ್ದಿದೆ ಎಂದು ಗುರುತು ಮಾಡಿದಾಗ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಗದ್ದದ ಭಾಗದಲ್ಲೇ ಕಂಡಿತು. ಅರ್ಧ ಹೆಲ್ಮೆಟ್ಟಿನಲ್ಲಿ ಆ ಜಾಗದಲ್ಲಿರುವುದು ಬರೀ ಗಾಳಿ.

ಪೆಟ್ಟು ಬಿದ್ದ ಜಾಗದಲ್ಲೇ ನಿಂತುಬಿಟ್ಟರೆ ನಮಗೂ ಕೆಲಸ ಸುಲಭ. ಕೆಳದವಡೆ ಲಾಳದ ಆಕಾರದ ಮೂಳೆ. ಅದರ ಎರಡು ತುದಿಗಳು ಕಿವಿಯ ಮುಂದೆ, ತಲೆಬುರುಡೆಯ ತಳಕ್ಕೆ ತಾಗಿಕೊಂಡೇ ಕೀಲುಗಳಾಗಿ ಕೂತಿವೆ. ಗದ್ದಕ್ಕೆ ಬಿದ್ದ ಏಟು ಮೂಳೆಯುದ್ದಕ್ಕೂ ಹರಿದು ಆ ಕೀಲುಗಳನ್ನು ಮುಟ್ಟುತ್ತದೆ. ಮಧ್ಯದಲ್ಲೊಂದು, ಎರಡು ಕೀಲುಗಳಲ್ಲಿ ಒಂದೊಂದು, ಒಟ್ಟು ಮೂರು ಮುರಿತ ಒಂದೇ ಬೀಳುವಿಕೆಯಲ್ಲಿ ಆಗುವುದು ನಮ್ಮ ವಾರ್ಡಿನಲ್ಲಿ ಹೊಸದಲ್ಲ. ಪರೇಡಿನಲ್ಲಿ ನಿಂತು ತಲೆಸುತ್ತಿ ಗದ್ದದ ಮೇಲೆ ಬೀಳುವ ಸಿಪಾಯಿಗಳಿಗೂ ಹೀಗೇ ಆಗುತ್ತಿತ್ತು. ಅವರು ನಿಂತಲ್ಲಿಂದ ಬಿದ್ದವರು, ನಿಮ್ಮ ಯಜಮಾನರು ನಲವತ್ತು ಕಿಲೋಮೀಟರ್ ವೇಗದಲ್ಲಿರುತ್ತಾರೆ.

ಆಮೇಲಿನದನ್ನೂ ಹೇಳಬೇಕು, ಏಕೆಂದರೆ ಅದನ್ನು ಯಾರೂ ಹೇಳುವುದಿಲ್ಲ. ಟೈಟಾನಿಯಂ ಪಟ್ಟಿ ಮತ್ತು ತಿರುಪು ಹಾಕಿ ಮೂಳೆ ಕೂಡಿಸುತ್ತೇವೆ. ಅದು ಆಗದ ಕಡೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿಯನ್ನೇ ಮುಚ್ಚುತ್ತೇವೆ, ನಾಲ್ಕರಿಂದ ಆರು ವಾರ. ಅಷ್ಟು ದಿನವೂ ಊಟವೆಂದರೆ ಹಲ್ಲಿನ ಸಂದಿಯಲ್ಲಿ ಹೀರುವ ರಾಗಿ ಅಂಬಲಿ, ಬೇಳೆ ಕಟ್ಟು, ಹಣ್ಣಿನ ರಸ. ವಾಂತಿ ಬಂದರೆ ಉಸಿರು ಕಟ್ಟಬಾರದೆಂದು ತಂತಿ ಕತ್ತರಿಸುವ ಇಕ್ಕಳವನ್ನು ರೋಗಿಯ ಪಕ್ಕದಲ್ಲೇ ಇಟ್ಟಿರುವಂತೆ ಮನೆಯವರಿಗೆ ಹೇಳಿ ಕಳಿಸುತ್ತೇವೆ. ಮೂಳೆ ಕೂಡಿದ ಮೇಲೂ ಕೆಲವರಿಗೆ ಕೆಳತುಟಿ ಜೋಮು ಹಿಡಿದಂತೆಯೇ ಉಳಿಯುತ್ತದೆ. ಹಲ್ಲಿನ ಕಡಿತ ಮೊದಲಿನಂತೆ ಕೂರುವುದಿಲ್ಲ. ಇವರೆಲ್ಲ “ತಲೆಗೆ ಏನೂ ಆಗಿಲ್ಲ, ಪುಣ್ಯ” ಎಂದು ನೆಂಟರಿಷ್ಟರಿಂದ ಹೇಳಿಸಿಕೊಂಡವರು.

ಇನ್ನು ಪೊಲೀಸರ ಮಾತು. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಮಾನಕಕ್ಕೆ ಒಪ್ಪುವ ಶಿರಸ್ತ್ರಾಣ ಬೇಕೆನ್ನುತ್ತದೆ, ಅದನ್ನು ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು ಎಂದೂ ಹೇಳುತ್ತದೆ. ಅರ್ಧ ಹೆಲ್ಮೆಟ್ಟುಗಳನ್ನು ನಿಮ್ಮೂರಿನಲ್ಲೇ 2018ರ ಆರಂಭದಲ್ಲಿ ಪೊಲೀಸರು ಕಸಿದುಕೊಂಡದ್ದು ಯಜಮಾನರಿಗೆ ನೆನಪಿರಬಹುದು. ಆದರೆ ಕಿವಿ ಮುಚ್ಚಿ ಮುಖ ತೆರೆದಿರುವ ಐ.ಎಸ್.ಐ. ಹೆಲ್ಮೆಟ್ಟಿಗೆ ಕಾನೂನಿನ ಅಡ್ಡಿಯಿಲ್ಲ. ಬುರುಡೆಯನ್ನು ಕಾಯುವುದಷ್ಟೇ ಸರ್ಕಾರದ ಒತ್ತಾಯ. ಗದ್ದದ ಹೊಣೆ ಅವರವರದ್ದು. ದಂಡ ತಪ್ಪಿಸಿಕೊಳ್ಳಲು ಹೆಲ್ಮೆಟ್ ಕೊಳ್ಳುವವರು ಇದೊಂದನ್ನು ಗಮನಿಸುವುದಿಲ್ಲ.

ಪ್ರಶ್ನೆ: ನಾವು ಯೆಜ್ಡಿ, ಲ್ಯಾಂಬ್ರೆಟಾ ಓಡಿಸಿದ ಕಾಲದಲ್ಲಿ ಹೆಲ್ಮೆಟ್ ಯಾರ ತಲೆಯ ಮೇಲೂ ಇರಲಿಲ್ಲ. ನಾವೇನು ಸತ್ತೆವೆ? ಇದೆಲ್ಲ ಕಂಪನಿಗಳ ವ್ಯಾಪಾರ.
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಸತ್ತವರು ಪತ್ರ ಬರೆಯುವುದಿಲ್ಲ, ಮೇಷ್ಟ್ರೇ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಇವರಲ್ಲಿ ಹೆಲ್ಮೆಟ್ ಹಾಕದ ಸವಾರರು ಮತ್ತು ಹಿಂದೆ ಕೂತವರು ಸೇರಿ 50,029. ಎಲ್ಲರೂ ಹೆಲ್ಮೆಟ್ಟಿನಿಂದ ಬದುಕುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇಕಡಾ 42ರಷ್ಟು, ತಲೆಯ ಗಾಯದ ಅಪಾಯವನ್ನು ಶೇಕಡಾ 69ರಷ್ಟು ತಗ್ಗಿಸುತ್ತದೆ.

ವ್ಯಾಪಾರದ ಮಾತಿಗೆ ಬಂದರೆ, ಈ ವಿಷಯವನ್ನು ಮೊದಲು ಕೈಗೆತ್ತಿಕೊಂಡವರು ಅಂಗಡಿಯವರಲ್ಲ. 1935ರಲ್ಲಿ ಇಂಗ್ಲೆಂಡಿನಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ ಸೈಕಲ್ ಹುಡುಗರಿಬ್ಬರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಮುಂದೆ ಸೇನೆಯ ಬೈಕ್ ಸವಾರರ ಸಾವುಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಹೆಲ್ಮೆಟ್ಟಿನ ಪರವಾಗಿ ಲೇಖನ ಪ್ರಕಟಿಸಿದರು. ಮುಖ ಮುಚ್ಚುವ ಹೆಲ್ಮೆಟ್ ಬಂದದ್ದು ಇನ್ನೂ ತಡವಾಗಿ: ಕಾರ್ ರೇಸಿನ ಡ್ಯಾನ್ ಗರ್ನಿ 1968ರ ಜರ್ಮನ್ ಗ್ರ್ಯಾನ್ ಪ್ರೀಯಲ್ಲಿ ಅದನ್ನು ಧರಿಸಿ ಟ್ರ್ಯಾಕಿಗಿಳಿದರು. ಅದಾಗಿ ಅರ್ಧ ಶತಮಾನ ದಾಟಿದರೂ ನಾವಿನ್ನೂ ಬಟ್ಟಲಿನ ಪರ ವಾದಿಸುತ್ತಿದ್ದೇವೆ.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ಬಿಸಿಲಿನಲ್ಲಿ ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತದೆ, ಕೂದಲೂ ಉದುರುತ್ತಿದೆ. ಏನು ಮಾಡಲಿ?
— ವೈದ್ಯಕೀಯ ಪ್ರತಿನಿಧಿ, ಕಲಬುರಗಿ

ಉತ್ತರ: ಬಿಸಿಯ ದೂರು ನಿಜ, ಅದನ್ನು ಅಲ್ಲಗಳೆಯುವುದು ಬೆಂಗಳೂರಿನಲ್ಲಿ ಕೂತವರ ಮಾತಾದೀತು. ತಿಳಿಬಣ್ಣದ್ದು ಕೊಳ್ಳಿ, ಗದ್ದದ ಮುಂದೆಯೂ ಹಣೆಯ ಮೇಲೂ ಗಾಳಿಗಂಡಿ ಇದ್ದು ಹಿಂದೆ ಗಾಳಿ ಹೊರಹೋಗುವ ದಾರಿಯೂ ಇರುವಂಥದ್ದು. ಎಷ್ಟೋ ಅಗ್ಗದ ಹೆಲ್ಮೆಟ್ಟುಗಳಲ್ಲಿ ಗಂಡಿಯ ಆಕಾರ ಮಾತ್ರ ಇರುತ್ತದೆ, ಒಳಗೆ ತೂತೇ ಇರುವುದಿಲ್ಲ. ಅಂಗಡಿಯಲ್ಲೇ ಬೆರಳಿಟ್ಟು ನೋಡಿ. ಬಿಸಿಗಾಳಿಗೆ ಮುಖ ಒಡ್ಡಿಕೊಂಡು ಹೋಗುವುದಕ್ಕಿಂತ ವೈಸರ್ ಇಳಿಸಿ ಹೋಗುವುದು ಕಣ್ಣಿಗೂ ತುಟಿಗೂ ಹಿತ ಎಂದು ನಿಮ್ಮ ಕಡೆಯವರೇ ನನಗೆ ಹೇಳಿದ್ದಾರೆ.

ಕೂದಲು ಹೆಲ್ಮೆಟ್ಟಿನಿಂದ ಬೇರುಸಹಿತ ಹೋಗುವುದಿಲ್ಲ. ಒಳಗಿನ ಬೆವರು, ಕೊಳೆ, ಹೊಟ್ಟು, ಹಾಕುವಾಗ ತೆಗೆಯುವಾಗ ಆಗುವ ಎಳೆತ ತೊಂದರೆ ಕೊಡುತ್ತವೆ. ಒಳಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿ, ದಿನಾ ಒಗೆಯಿರಿ. ಬಿಚ್ಚಿ ತೊಳೆಯಬಹುದಾದ ಒಳಮೆತ್ತೆ ಇರುವ ಹೆಲ್ಮೆಟ್ ಇನ್ನೂ ಒಳ್ಳೆಯದು.

ಪ್ರಶ್ನೆ: ಪೂರ್ತಿ ಹೆಲ್ಮೆಟ್ಟಿನ ಭಾರಕ್ಕೆ ಬಿದ್ದಾಗ ಕುತ್ತಿಗೆ ಮುರಿಯುತ್ತದೆಯಂತೆ. ಪಕ್ಕದ ವಾಹನ ಕಾಣುವುದಿಲ್ಲ, ಹಾರನ್ ಕೇಳುವುದಿಲ್ಲ. ನಿಜವೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಕುತ್ತಿಗೆಯ ಕತೆ ಅಮೆರಿಕದಿಂದ ಬಂದದ್ದು. 1980ರ ದಶಕದಲ್ಲಿ ಅಲ್ಲಿನ ಒಂದು ವಿಶ್ಲೇಷಣೆ ಹಾಗೆ ಹೇಳಿತ್ತು, ಹೆಲ್ಮೆಟ್ ವಿರೋಧಿಗಳು ಅದನ್ನೇ ಹಿಡಿದುಕೊಂಡರು. 2011ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯರು ನಲವತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳ ದಾಖಲೆ ನೋಡಿದಾಗ ಹೆಲ್ಮೆಟ್ ಧರಿಸಿದವರಲ್ಲಿ ಕುತ್ತಿಗೆಯ ಮೂಳೆಯ ಗಾಯ ಶೇಕಡಾ 22ರಷ್ಟು ಕಡಿಮೆಯೇ ಇತ್ತು. ದಿನಾ ಗಂಟೆಗಟ್ಟಲೆ ಓಡಿಸುವವರಿಗೆ ಕುತ್ತಿಗೆ ನೋಯುವುದುಂಟು. ಅದಕ್ಕೆ ಹಗುರ ಹೆಲ್ಮೆಟ್ ಪರಿಹಾರ, ಬರಿತಲೆಯಲ್ಲ.

ಹಾರನ್ ಸದ್ದು ಕಡಿಮೆಯಾದಷ್ಟೇ ನಿಮ್ಮ ಗಾಡಿಯ, ಗಾಳಿಯ ಸದ್ದೂ ಕಡಿಮೆಯಾಗುತ್ತದೆ, ಹಾಗಾಗಿ ನಷ್ಟವೇನಿಲ್ಲ. ಇಯರ್‌ಫೋನ್ ತೂರಿಸಿಕೊಂಡವರು ಈ ವಾದ ಮಾಡುವುದು ನನಗೆ ತಮಾಷೆಯಾಗಿ ಕಾಣುತ್ತದೆ. ನೋಟದ ಬಗ್ಗೆ: ಯುರೋಪಿನ ಮಾನಕದಂತೆ ಮೂಗಿನ ನೇರದಿಂದ ಎಡಕ್ಕೂ ಬಲಕ್ಕೂ 105 ಡಿಗ್ರಿ ಕಾಣಿಸಲೇಬೇಕು. ನೇರ ಪಕ್ಕಕ್ಕಿಂತ ತುಸು ಹಿಂದಿನವರೆಗೂ ಆಯಿತು. ಉಳಿದದ್ದಕ್ಕೆ ಕನ್ನಡಿ ಇದೆ. ಅದನ್ನು ಬಿಚ್ಚಿಟ್ಟಿದ್ದರೆ ಮತ್ತೆ ಹಾಕಿಸಿ.

ಪ್ರಶ್ನೆ: ಮಳೆಗಾಲದಲ್ಲಿ ವೈಸರ್ ಮಂಜಾಗುತ್ತದೆ, ಒಳಗೆ ನನ್ನ ಕನ್ನಡಕವೂ.
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ವೈಸರನ್ನು ಒಂದು ಗೆರೆಯಷ್ಟು ತೆರೆದಿಡಿ, ಉಸಿರು ಕೆಳಗೆ ಹೋಗುವಂತೆ ಮೂಗಿನ ತಡೆ ಇರುವ ಹೆಲ್ಮೆಟ್ ನೋಡಿ, ಮಂಜು ಹಿಡಿಯದ ಒಳಪೊರೆಯೂ ಸಿಗುತ್ತದೆ. ಕಪ್ಪು ವೈಸರ್ ರಾತ್ರಿಗೆ ಬೇಡವೇ ಬೇಡ.

ಪ್ರಶ್ನೆ: ಮನೆಮನೆಗೆ ಊಟ ತಲುಪಿಸುವ ಕೆಲಸ ನನ್ನದು. ಪ್ರತಿ ಗೇಟಿನ ಮುಂದೆ ಪೂರ್ತಿ ಹೆಲ್ಮೆಟ್ ತೆಗೆದು ಹಾಕಿ ಸಾಕಾಗುತ್ತದೆ. ಮುಂಭಾಗ ಮೇಲಕ್ಕೆತ್ತುವಂಥದ್ದು ಆದೀತೇ?
— ಹುಬ್ಬಳ್ಳಿಯ ಯುವಕ

ಉತ್ತರ: ಧಾರಾಳವಾಗಿ. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ಗಾಡಿ ಹೊರಟ ಕೂಡಲೇ ಗದ್ದದ ಭಾಗ ಕೆಳಗಿಳಿದು “ಟಕ್” ಎನ್ನಬೇಕು. ಎತ್ತಿಕೊಂಡೇ ಓಡಿಸಿದರೆ ನಿಮ್ಮದು ತೆರೆದ ಹೆಲ್ಮೆಟ್ಟೇ, ದುಡ್ಡು ಮಾತ್ರ ಹೆಚ್ಚು ಕೊಟ್ಟಿದ್ದೀರಿ. ಈ ಬಗೆಯದರಲ್ಲಿ ಬೀಗವೇ ಮುಖ್ಯ. ಬ್ರಿಟನ್ ಸರ್ಕಾರದ ‘ಶಾರ್ಪ್’ ಪರೀಕ್ಷೆಯಲ್ಲಿ ಪೆಟ್ಟು ಬಿದ್ದಾಗ ಗದ್ದದ ಬೀಗ ಎಷ್ಟು ಸಲ ಮುಚ್ಚಿಕೊಂಡೇ ಉಳಿಯಿತು ಎಂದು ಶೇಕಡಾವಾರು ಪ್ರಕಟಿಸುತ್ತಾರೆ. ಎಲ್ಲವೂ ನೂರಕ್ಕೆ ನೂರು ಇರುವುದಿಲ್ಲ. ಯುರೋಪಿನ ಮುದ್ರೆಯಿದ್ದರೆ ಪಟ್ಟಿಯ ಮೇಲಿನ ಚೀಟಿಯಲ್ಲಿ ‘ಪಿ’ ಅಕ್ಷರ ಇದೆಯೇ ನೋಡಿ. ‘ಪಿ’ ಎಂದರೆ ಗದ್ದದ ಭಾಗವೂ ಪರೀಕ್ಷೆಯಾಗಿದೆ. ಬರೀ ‘ಜೆ’ ಎಂದಿದ್ದರೆ ಮುಖ ತೆರೆದ ಹೆಲ್ಮೆಟ್ ಎಂದು ತಿಳಿಯಿರಿ.

ಪ್ರಶ್ನೆ: ಆರು ವರ್ಷದ ಮಗನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡುತ್ತೇನೆ. ಅವನಿಗೂ ಹೆಲ್ಮೆಟ್ ಬೇಕೇ?
— ಬ್ಯಾಂಕ್ ಉದ್ಯೋಗಿ, ತುಮಕೂರು

ಉತ್ತರ: ಬೇಕು, ಮತ್ತು ದಯವಿಟ್ಟು ಮುಂದೆ ನಿಲ್ಲಿಸಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಜೊತೆಗೆ ಸವಾರನಿಗೆ ಬಿಗಿಯುವ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ.

ನಿಮ್ಮ ಪತ್ರ ಓದಿ ನನಗೆ ಭಯವಾದದ್ದು ಬೇರೆ ಕಾರಣಕ್ಕೆ. ಮುಂದೆ ನಿಂತ ಮಗುವಿನ ಗದ್ದ ಸರಿಯಾಗಿ ಹ್ಯಾಂಡಲ್ಲಿನ ಹತ್ತಿರ ಇರುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ ಸಾಕು. ಗದ್ದದ ಕೆಳಗೆ ಸಣ್ಣ ಗಾಯ, ಎರಡು ಹೊಲಿಗೆ, ಎಲ್ಲರೂ ಮರೆಯುತ್ತಾರೆ. ಕಿವಿಯ ಮುಂದಿನ ಕೀಲು ಒಳಗೇ ಮುರಿದಿರುವುದು ಯಾರಿಗೂ ತಿಳಿಯುವುದಿಲ್ಲ. ಅಲ್ಲಿ ರಕ್ತ ಕಟ್ಟಿ, ನೋವಿಗೆ ಮಗು ಬಾಯಿ ಆಡಿಸದೆ, ತಿಂಗಳುಗಳ ಮೇಲೆ ಮೂಳೆಗೆ ಮೂಳೆ ಅಂಟಿಕೊಂಡುಬಿಡಬಹುದು. ಬಾಯಿ ತೆರೆಯುವುದು ದಿನೇದಿನೇ ಕಡಿಮೆಯಾಗುತ್ತದೆ, ದವಡೆಯ ಬೆಳವಣಿಗೆ ಕುಂಠಿತವಾಗಿ ಗದ್ದ ಹಿಂದಕ್ಕೆ ಸರಿಯುತ್ತದೆ. ಆಗ ತಂದೆತಾಯಿ ಕರೆತರುತ್ತಾರೆ, ಬಿದ್ದದ್ದು ಯಾವಾಗ ಎಂದರೆ ನೆನಪೇ ಇರುವುದಿಲ್ಲ. ಆದ್ದರಿಂದ ಯಾವುದೇ ಮಗು ಗದ್ದದ ಮೇಲೆ ಬಿದ್ದರೆ, ಹೊಲಿಗೆ ಹಾಕುವವರ ಬಳಿ ಕೀಲಿನ ಎಕ್ಸ್‌ರೇ ಬೇಕೇ ಎಂದು ಕೇಳಿ. ಹೆಲ್ಮೆಟ್ ಮಕ್ಕಳ ಅಳತೆಯದ್ದೇ ಇರಲಿ, ಹಗುರವಿರಲಿ, ಗದ್ದಕ್ಕೆ ಅಡ್ಡ ಇರಲಿ. ಅಣ್ಣನ ಹೆಲ್ಮೆಟ್ಟಿಗೆ ಬಟ್ಟೆ ತುರುಕಿ ಹಾಕಬೇಡಿ.

ಪ್ರಶ್ನೆ: ಘಾಟಿಯಲ್ಲಿ ಬೈಕಿನವರೊಬ್ಬರು ಬಿದ್ದಿದ್ದರು. ನಾವು ಹೆಲ್ಮೆಟ್ ಎಳೆದು ತೆಗೆದು ನೀರು ಕುಡಿಸಿದೆವು. ಆಮೇಲೆ ಯಾರೋ ಅದು ತಪ್ಪು ಅಂದರು.
— ಜೀಪ್ ಚಾಲಕರು, ಚಿಕ್ಕಮಗಳೂರು

ಉತ್ತರ: ನಿಂತು ನೋಡಿದಿರಲ್ಲ, ಅದು ದೊಡ್ಡದು. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಡುತ್ತದೆ, ಸಾಕ್ಷಿಗೆ ಎಳೆಯುತ್ತಾರೆಂಬ ಅಂಜಿಕೆ ಬೇಡ.

ಮುಂದಿನ ಸಲ ಹೀಗೆ ಮಾಡಿ. 108ಕ್ಕೆ ಕರೆ ಮಾಡಿ, ವೈಸರ್ ಮಾತ್ರ ಮೇಲೆತ್ತಿ, ಉಸಿರು ನೋಡಿ. ಮಾತಾಡುತ್ತಿದ್ದರೆ, ಉಸಿರು ಸರಾಗವಾಗಿದ್ದರೆ ಹೆಲ್ಮೆಟ್ ಮುಟ್ಟಬೇಡಿ, ತಲೆ ಅಲ್ಲಾಡದಂತೆ ಹಿಡಿದಿರಿ. ಉಸಿರಿಲ್ಲದಿದ್ದರೆ, ಬಾಯಲ್ಲಿ ರಕ್ತವೋ ವಾಂತಿಯೋ ತುಂಬಿದ್ದರೆ ಮಾತ್ರ ತೆಗೆಯಬೇಕು, ಅದಕ್ಕೂ ಇಬ್ಬರು ಬೇಕು. ಒಬ್ಬರು ಕೆಳಗಿನಿಂದ ದವಡೆಯನ್ನೂ ಕತ್ತಿನ ಹಿಂಭಾಗವನ್ನೂ ಆಧರಿಸಿ ಹಿಡಿಯಬೇಕು. ಇನ್ನೊಬ್ಬರು ಪಟ್ಟಿ ಬಿಚ್ಚಿ ಅಥವಾ ಕತ್ತರಿಸಿ, ಹೆಲ್ಮೆಟ್ಟಿನ ಎರಡು ಕೆನ್ನೆಗಳನ್ನು ಹೊರಕ್ಕೆ ಅಗಲಿಸಿ, ಮೂಗಿಗೆ ತಾಗದಂತೆ ನಿಧಾನಕ್ಕೆ ಜಾರಿಸಬೇಕು. ನೀರು ಬೇಡ. ಅರೆಪ್ರಜ್ಞೆಯಲ್ಲಿರುವವರಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಮುಂದೆ ಅರಿವಳಿಕೆ ಕೊಡುವವರಿಗೂ ತೊಂದರೆ.

ಪ್ರಶ್ನೆ: ರಸ್ತೆ ಬದಿಯಲ್ಲಿ ಮುನ್ನೂರು ರೂಪಾಯಿಗೆ ಪೂರ್ತಿ ಹೆಲ್ಮೆಟ್ ಸಿಗುತ್ತದೆ, ಐ.ಎಸ್.ಐ. ಗುರುತೂ ಇದೆ. ಕೊಳ್ಳಬಹುದೇ? ನೀವು ಯಾವ ಕಂಪನಿಯದು ಹಾಕುತ್ತೀರಿ?
— ಕಾಲೇಜು ಉಪನ್ಯಾಸಕಿ, ಹಾಸನ

ಉತ್ತರ: ಗುರುತಿನ ಸ್ಟಿಕರ್ ಅಂಟಿಸುವುದು ಯಾರಿಗೂ ಕಷ್ಟವಲ್ಲ. ಐ.ಎಸ್.ಐ. ಮುದ್ರೆಯಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವುದು, ಮಾರುವುದು 2021ರ ಜೂನ್ 1ರಿಂದ ಅಪರಾಧ, ಆದರೂ ಮಾರಾಟ ನಡೆದೇ ಇದೆ. ನಿಜವಾದ ಮುದ್ರೆಯ ಮೇಲೆ ಐ.ಎಸ್. 4151 ಎಂದೂ, ಕೆಳಗೆ ಪರವಾನಗಿ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆಯನ್ನು ಮೊಬೈಲಿನ ‘ಬಿ.ಐ.ಎಸ್. ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದೆಂದು ತಿಳಿಯುತ್ತದೆ. ಒಳಮೆತ್ತೆ ಸರಿಸಿ ನೋಡಿ: ಗಟ್ಟಿಯಾದ, ದಪ್ಪನೆಯ ಥರ್ಮೋಕೋಲ್ ಪದರ ಇರಬೇಕು. ಪೆಟ್ಟನ್ನು ನುಂಗುವುದು ಅದೇ. ತಾನು ನಜ್ಜುಗುಜ್ಜಾಗಿ ಮೆದುಳಿಗೆ ತಗಲುವ ಏಟನ್ನು ತಗ್ಗಿಸುತ್ತದೆ, ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ. ಆದ್ದರಿಂದ ಒಮ್ಮೆ ಅಪಘಾತ ಕಂಡ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಎಸೆಯಬೇಕು. ಮುನ್ನೂರು ರೂಪಾಯಿಯದರಲ್ಲಿ ಈ ಪದರದ ಬದಲು ಸ್ಪಂಜು ಇರುವುದನ್ನು ನೋಡಿದ್ದೇನೆ. ಪೆಟ್ರೋಲ್, ಥಿನ್ನರ್ ಸೋಕಿದರೂ ಥರ್ಮೋಕೋಲ್ ಕರಗುತ್ತದೆ, ಹಾಗಾಗಿ ಹೆಲ್ಮೆಟ್ಟನ್ನು ಅವುಗಳಿಂದ ಒರೆಸಬೇಡಿ.

ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೂ ಪ್ರಯೋಜನವಿಲ್ಲ. ನನ್ನ ತಲೆ ಗುಂಡಗೆ, ನಿಮ್ಮದು ಉದ್ದಕ್ಕಿರಬಹುದು. ಅಂಗಡಿಯಲ್ಲಿ ಹಾಕಿಕೊಂಡಾಗ ಕೆನ್ನೆ ಒತ್ತಿದಂತಿರಬೇಕು, ಹಣೆ ನೋಯಬಾರದು. ತಲೆ ಅಲ್ಲಾಡಿಸಿದರೆ ಜೊತೆಗೆ ಕೆನ್ನೆಯ ಚರ್ಮವೂ ಅಲುಗಬೇಕು, ಹೆಲ್ಮೆಟ್ ಒಂದೇ ತಿರುಗಬಾರದು. ಪಟ್ಟಿ ಬಿಗಿದಾಗ ಗದ್ದದ ಕೆಳಗೆ ಎರಡು ಬೆರಳು ಹೋದರೆ ಸಾಕು. ಬಿಗಿದ ಮೇಲೆ ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಮಗುಚಿ ನೋಡಿ. ಕಳಚಿ ಬಂದರೆ ಅದು ನಿಮ್ಮದಲ್ಲ. ಪಟ್ಟಿ ಬಿಗಿಯದ ದುಬಾರಿ ಪೂರ್ತಿ ಹೆಲ್ಮೆಟ್ಟಿಗಿಂತ ಬಿಗಿದ ಸಾಧಾರಣ ತೆರೆದ ಹೆಲ್ಮೆಟ್ಟೇ ವಾಸಿ, ಏಕೆಂದರೆ ಮೊದಲನೆಯದು ನಿಮಗಿಂತ ಮುಂಚೆ ರಸ್ತೆಗೆ ಬಿದ್ದಿರುತ್ತದೆ. ಹಾಕಿಕೊಂಡು ಹತ್ತು ಹದಿನೈದು ನಿಮಿಷ ಅಂಗಡಿಯಲ್ಲೇ ಓಡಾಡಿ, ಎಲ್ಲಿ ಒತ್ತುತ್ತದೆಂದು ಆಗ ಗೊತ್ತಾಗುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ಹೋಗಿ.