ಸಾಲವೂ ಉಳಿತಾಯವೂ

ಹನಿಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೂ ಸುಗ್ಗಿಯ ಹಣವು ಕೈಗೆ ಬಂದಾಗ ಮೊದಲು ವೆಚ್ಚಮಾಡಿ, ಮಿಕ್ಕದ್ದನ್ನು ಕೂಡಿಡುವೆವೆಂದು ಎಣಿಸುತ್ತೇವೆ. ಮಿಗುವದು ಏನೂ ಇಲ್ಲ. ಮೊದಲು ಒಂದು ಪಾಲನ್ನು ತೆಗೆದಿಟ್ಟು, ಮಿಕ್ಕದ್ದರಲ್ಲಿ ಬಾಳುವದೇ ಸರಿಯಾದ ಕ್ರಮವು.

ಬಡ್ಡಿಯ ಬಲವನ್ನು ನೋಡಿರಿ. ವರ್ಷಕ್ಕೆ ನೂರಕ್ಕೆ 6ರಂತೆ ಚಕ್ರಬಡ್ಡಿಯಲ್ಲಿಟ್ಟ 100 ರೂಪಾಯಿಯು 12 ವರ್ಷಗಳಲ್ಲಿ ಸುಮಾರು 200, 24 ವರ್ಷಗಳಲ್ಲಿ ಸುಮಾರು 400, 36 ವರ್ಷಗಳಲ್ಲಿ 800ಕ್ಕೂ ಹೆಚ್ಚಾಗುವದು. ನಡುವೆ ಬಡ್ಡಿಯನ್ನು ತೆಗೆದು ತಿಂದರೆ ಈ ಬೆಳೆಯು ಬಾರದು.

ಸಾಲದ ಬಡ್ಡಿಯಾದರೋ ಇನ್ನೂ ಬೇಗನೆ ಏರುವದು. ತಿಂಗಳಿಗೆ ನೂರಕ್ಕೆ 2 ರೂಪಾಯಿಯೆಂದರೆ ಅಲ್ಪವೆಂದು ತೋರುತ್ತದೆ. ಅದು ವರ್ಷಕ್ಕೆ 24. ಮದುವೆಗೋಸ್ಕರ 1000 ರೂಪಾಯಿ ತಂದು ಬಡ್ಡಿಯನ್ನು ಮಾತ್ರ ಕೊಡುತ್ತಾ ಬಂದವನು 50 ತಿಂಗಳಲ್ಲಿ 1000 ರೂಪಾಯಿ ಕೊಟ್ಟಿರುವನು. ಅಸಲು ಹಾಗೆಯೇ ನಿಂತಿರುವದು. ಹೊಲಗಳು ಕೈಬಿಟ್ಟುಹೋಗುವದು ಹೀಗೆಯೇ. ಆದಕಾರಣ ತೆಗೆದಿಟ್ಟ ಹಣದಿಂದ ಮೊದಲು ಇಂಥ ಸಾಲವನ್ನು ತೀರಿಸಿರಿ, ಆಮೇಲೆ ಕೂಡಿಡಿರಿ.

ಕೂಡಿಡುವ ಸ್ಥಳವೂ ದೂರವಿಲ್ಲ. ಅಂಚೆಕಚೇರಿಯ ಉಳಿತಾಯ ಬ್ಯಾಂಕು ನಮ್ಮ ದೇಶದಲ್ಲಿ 1882ರಿಂದ ಇದೆ. ತಿಂಗಳಿಗೆ 100 ರೂಪಾಯಿಯಂತೆ 5 ವರ್ಷ ಕಟ್ಟುವ ಖಾತೆಯೂ ಅಲ್ಲಿ ಉಂಟು. 1905ರಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮುಂದಾಗಿ ರೈತರ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಇಂಥ ಸಂಘದಲ್ಲಿ ಒಬ್ಬನ ಉಳಿತಾಯವು ಅವನ ನೆರೆಯವನಿಗೆ ಮಿತಬಡ್ಡಿಯ ಸಾಲವಾಗುವದು.

ಪ್ರಶ್ನೆ: ಈ ತಿಂಗಳು ಬಡ್ಡಿಯು ನಿಮ್ಮ ಮನೆಗೆ ಬಂದಿತೋ, ನಿಮ್ಮ ಮನೆಯಿಂದ ಹೋಯಿತೋ? ಮನೆಯವರೆಲ್ಲರೂ ಕೂಡಿ ಲೆಕ್ಕಮಾಡಿರಿ.