ಮುಖ ನೋಡಿ ಉದ್ರಿ ಕೊಡಬಹುದೇ?

ಭಟ್ಕಳ, ಹೊನ್ನಾವರ ಮತ್ತು ಕುಮಟಾ ಪೇಟೆಗಳಲ್ಲಿ ಇಂದಿಗೂ ಅನೇಕ ವ್ಯವಹಾರಗಳು ಬಾಯಿಮಾತಿನ ಮೇಲೆಯೇ ನಡೆಯುತ್ತವೆ. ಉದ್ರಿ ಕೊಡುವ ಮುನ್ನ ವರ್ತಕನು ಗಿರಾಕಿಯ ಮುಖಭಾವವನ್ನು ಗಮನಿಸುವುದು ರೂಢಿ. ಕಣ್ಣು ತಪ್ಪಿಸಿದವನು, ತಡವರಿಸಿದವನು ಸುಳ್ಳುಗಾರನೆಂದೂ, ನಗುನಗುತ್ತ ನೇರವಾಗಿ ನೋಡಿದವನು ಪ್ರಾಮಾಣಿಕನೆಂದೂ ತೀರ್ಮಾನಿಸಲಾಗುತ್ತದೆ. ಈ ಅಳತೆಗೋಲು ಎಷ್ಟು ವಿಶ್ವಾಸಾರ್ಹ?

ಅಮೆರಿಕದ ಮನಃಶಾಸ್ತ್ರಜ್ಞರಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಅವರು ಈ ವಿಷಯದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸತ್ಯ-ಸುಳ್ಳುಗಳನ್ನು ಗುರುತಿಸುವಲ್ಲಿ ಜನರ ತೀರ್ಪು ಸರಾಸರಿ ಶೇ. 54ರಷ್ಟು ಮಾತ್ರ ಸರಿಯಾಗಿತ್ತು. ನಾಣ್ಯ ಚಿಮ್ಮಿ ನಿರ್ಧರಿಸಿದರೂ ಶೇ. 50 ಸರಿಯಾಗುತ್ತದೆ. ವೃತ್ತಿ ಅನುಭವವುಳ್ಳವರೂ ಸಾಮಾನ್ಯರಿಗಿಂತ ಮೇಲಾಗಿರಲಿಲ್ಲ.

ಇದಕ್ಕೆ ಕಾರಣ ಸರಳವಾದುದು. ದೇಹಭಾಷೆಯು ತೋರಿಸುವುದು ಭಾವನೆಯನ್ನು, ಸುಳ್ಳನ್ನಲ್ಲ. ಸಾಲ ಕೇಳುವ ಸಂಕೋಚದಿಂದ ಪ್ರಾಮಾಣಿಕನೂ ತಡವರಿಸುತ್ತಾನೆ. ಹಿರಿಯರೆದುರು ತಲೆ ತಗ್ಗಿಸುವುದು ನಮ್ಮಲ್ಲಿ ಸೌಜನ್ಯ. ಮೋಸದಲ್ಲಿ ಪಳಗಿದವನಾದರೋ ನಿರಾಳವಾಗಿಯೇ ಇರುತ್ತಾನೆ. ಇನ್ನೂ ದೊಡ್ಡ ಅಪಾಯವೆಂದರೆ, ಮುಖ ನೋಡಿ ಅಳೆಯುವ ಅಭ್ಯಾಸವು ಕ್ರಮೇಣ ಉಡುಪು, ಭಾಷೆ, ಮತಗಳನ್ನು ನೋಡಿ ಅಳೆಯುವುದಾಗಿ ಮಾರ್ಪಡುತ್ತದೆ. ಕನ್ನಡ, ಕೊಂಕಣಿ, ನವಾಯತಿ ಭಾಷಿಕರು ಒಂದೇ ಬೀದಿಯಲ್ಲಿ ವ್ಯಾಪಾರ ಮಾಡುವ ಈ ಕರಾವಳಿಯಲ್ಲಿ ಅದರಿಂದ ಒಳ್ಳೆಯ ಗಿರಾಕಿಯೂ ನಷ್ಟ, ನೆರೆಹೊರೆಯ ವಿಶ್ವಾಸವೂ ನಷ್ಟ.

ಕುಮಟೆಯ ಇತಿಹಾಸದಲ್ಲಿಯೇ ಇದಕ್ಕೊಂದು ಪಾಠವಿದೆ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನ ಮೂಲಕ ಮುಂಬಯಿಗೆ ಸಾಗುತ್ತಿತ್ತು. ‘ಕುಮಟಾ ಹತ್ತಿ’ ಎಂಬುದು ಇಂಗ್ಲೆಂಡಿನ ಪೇಟೆಯವರೆಗೂ ತಿಳಿದ ಹೆಸರಾಯಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬೆಲೆ ಏರಿತು. ಬೀಜ, ಧೂಳು, ಕೀಳು ದರ್ಜೆಯ ಹತ್ತಿಗಳ ಕಲಬೆರಕೆ ಆಗಿನ ದೊಡ್ಡ ದೂರಾಗಿತ್ತು. 1863ರಲ್ಲಿ ಮುಂಬಯಿ ಪ್ರಾಂತ್ಯವು ಹತ್ತಿಯ ಮೋಸ ತಡೆಯಲು ಪ್ರತ್ಯೇಕ ಕಾಯಿದೆಯನ್ನೇ ತಂದಿತು. ಅಲ್ಲಿ ಪರೀಕ್ಷೆಗೆ ಒಳಗಾದುದು ಮಾಲು, ಮಾರುವವನ ಮುಖವಲ್ಲ.

ಇಂದಿನ ವರ್ತಕರು ಅನುಸರಿಸಬಹುದಾದ ಕ್ರಮಗಳಿವು:

1. ಮಾದರಿ ನೋಡಿ ಅಡಿಕೆಯನ್ನೋ ಬೇರೆ ಮಾಲನ್ನೋ ಕೊಳ್ಳುವಾಗ ಆ ಮಾದರಿಯನ್ನು ಮೊಹರು ಮಾಡಿ ಇಟ್ಟುಕೊಳ್ಳಬೇಕು. ಪೂರ್ಣ ಸರಕು ಮಾದರಿಗೆ ಸರಿಹೊಂದಬೇಕೆಂದು 1930ರ ಸರಕು ಮಾರಾಟ ಕಾಯಿದೆಯ 17ನೇ ಕಲಮು ಹೇಳುತ್ತದೆ.

2. ಉದ್ರಿಯ ಮಿತಿಯನ್ನು ಖಾತೆಪುಸ್ತಕ ನೋಡಿ ನಿಗದಿಪಡಿಸಬೇಕು. ಹಿಂದಿನ ಬಾಕಿ ಎಷ್ಟು ದಿನಗಳಲ್ಲಿ ಸಂದಿತೆಂಬುದೇ ಉತ್ತಮ ಸಾಕ್ಷಿ. ಹೊಸಬರಿಗೆ ಸಣ್ಣ ಮೊತ್ತದಿಂದ ಆರಂಭಿಸುವುದು ಲೇಸು.

3. ಸಂದೇಹ ಬಂದಾಗ ಮುಖವನ್ನು ದಿಟ್ಟಿಸುವ ಬದಲು, ಉತ್ತರವನ್ನು ತಾಳೆ ನೋಡಬಹುದಾದ ಪ್ರಶ್ನೆ ಕೇಳಬೇಕು: ಮಾಲು ಯಾವ ಲಾರಿಯಲ್ಲಿ ಬಂತು, ಬಿಲ್ಲಿನ ದಿನಾಂಕವೇನು?

4. ಕೋಪ, ಅವಸರ, ಹೊಗಳಿಕೆಯ ಉಬ್ಬು ಇವುಗಳ ನಡುವೆ ದೊಡ್ಡ ನಿರ್ಧಾರ ಕೈಗೊಳ್ಳದೆ ಮರುದಿನಕ್ಕೆ ಮುಂದೂಡಬೇಕು.

ಲೆಕ್ಕ ಕೇಳುವುದು ಅವಿಶ್ವಾಸದ ಲಕ್ಷಣವಲ್ಲ. ಎಲ್ಲರಿಗೂ ಒಂದೇ ನಿಯಮವಿದ್ದಲ್ಲಿ ಪ್ರಾಮಾಣಿಕನಿಗೆ ಅವಮಾನವಾಗುವುದಿಲ್ಲ, ವಂಚಕನಿಗೆ ಅವಕಾಶವೂ ಸುಲಭವಾಗಿ ದೊರೆಯುವುದಿಲ್ಲ.