ತಾತ ಜಾರಿದರೆ ಆಟಗಾರ ಯಾಕೆ ಮುನಿಯುತ್ತಾನೆ?

ಪ್ರಶ್ನೆ: ಸರ್, ನಮ್ಮದು ದಂಡಿಗನಹಳ್ಳಿ, ಬಿಸಿಎ ಓದ್ತಿದ್ದೀನಿ. ಕ್ರಿಸ್ಮಸ್ ತಾತ ಮಾಡಿನಿಂದ ಮಾಡಿಗೆ ಹಾರುವ ಗೇಮ್ ಮಾಡಿ ನಿಮಗೂ ಕಳಿಸಿದ್ದೀನಿ. ಹಿಮ, ಗಂಟೆ, ದೀಪ ಎಲ್ಲ ಇದೆ. ಗೆಳೆಯರು 'ನೋಡೋಕೆ ಸೂಪರ್' ಅಂತಾರೆ, ಎರಡನೇ ಲೆವೆಲ್‌ನಲ್ಲೇ ಫೋನ್ ವಾಪಸ್ ಕೊಡ್ತಾರೆ. ನಮ್ಮ ಕಡೆಯವರಿಗೆ ಕ್ರಿಸ್ಮಸ್ ಕಥೆ ಹಿಡಿಸಲ್ವಾ?

ಉತ್ತರ: ಆಡಿ ನೋಡಿದೆ. ತೊಂದರೆ ಕ್ರಿಸ್ಮಸ್ಸಿನದಲ್ಲ, ತಾತನ ಕಾಲಿನದು. ಮೂರನೇ ಹೊಗೆಗೂಡಿನ ಅಂಚಿನಲ್ಲಿ ಹದಿನಾಲ್ಕು ಸಲ ಬಿದ್ದೆ. ಪ್ರತಿ ಸಲವೂ ಹಾರುವ ಬಟನ್ ಒತ್ತಿದ್ದು ನನ್ನ ಹೆಬ್ಬೆರಳಿಗೆ ಗೊತ್ತು, ನಿಮ್ಮ ಆಟಕ್ಕೆ ಗೊತ್ತಾಗಲಿಲ್ಲ. ತನ್ನ ತಪ್ಪಿಗೆ ಬಿದ್ದವನು ಇನ್ನೊಂದು ಸಲ ಆಡುತ್ತಾನೆ. ಆಟವೇ ಮೋಸ ಮಾಡಿತು ಅನ್ನಿಸಿದರೆ ಮುಗಿಯಿತು.

ಅಂಚು ದಾಟಿದ ಮೇಲೂ 0.1 ಸೆಕೆಂಡು, ಅಂದರೆ ಸೆಕೆಂಡಿಗೆ 60 ಫ್ರೇಮಿನ ಆಟದಲ್ಲಿ 6 ಫ್ರೇಮು, ಹಾರಲು ಬಿಡಿ. ಇದಕ್ಕೆ 'ಕೊಯೋಟಿ ಟೈಮ್' ಅನ್ನುತ್ತಾರೆ. 2018ರ 'ಸೆಲೆಸ್ಟ್' ಹಿಮದ ಬೆಟ್ಟ ಹತ್ತುವ ಬಲು ಕಷ್ಟದ ಆಟ, ಅದರಲ್ಲೂ ಈ ರಿಯಾಯಿತಿ ಉಂಟು. ಇನ್ನು ಜಾರಿಕೆ. ನೀವು ಕಂಡಲ್ಲೆಲ್ಲ ಜಾರಿಸಿದ್ದೀರಿ. ನೀಲಿ ಮಂಜುಗಡ್ಡೆ ಮಾತ್ರ ಜಾರಲಿ, ಬಿಳಿ ಹಿಮದ ಮೇಲೆ ಕಾಲು ಗಟ್ಟಿ ನಿಲ್ಲಲಿ. ಆಗ ಬೀಳುವ ಮುಂಚೆಯೇ ಕಣ್ಣು ಎಚ್ಚರಿಸುತ್ತದೆ.

ಎಪಿಕ್ ಮೆಗಾಗೇಮ್ಸ್ 1994ರಲ್ಲಿ 'ಜಾಜ್ ಜಾಕ್‌ರ್ಯಾಬಿಟ್' ಎಂಬ ಹಸಿರು ಮೊಲದ ಆಟ ತಂದು, ಆ ವರ್ಷದ ಹಬ್ಬಕ್ಕೇ 'ಹಾಲಿಡೇ ಹೇರ್' ಎಂಬ ಪುಟ್ಟ ಹಿಮದ ಆವೃತ್ತಿಯನ್ನೂ ಬಿಟ್ಟಿತು. ಮೊದಲು ನೆಗೆತ ಪಳಗಿತ್ತು, ಹಬ್ಬ ಆಮೇಲೆ ಬಂತು. ಅದೇ ವರ್ಷ ನಾರ್ವೆಯ ಫನ್‌ಕಾಮ್ ಮಾಡಿದ 'ಡೇಜ್ ಬಿಫೋರ್ ಕ್ರಿಸ್ಮಸ್' ಆಟದಲ್ಲಿ ತಾತ ಕಾಫಿ ಕುಡಿದರೆ ಸಾಕು, ಸೈತಾನನ ರೂಪ ತಾಳಿ ಸ್ವಲ್ಪ ಹೊತ್ತು ಏಟೇ ತಾಗದವನಾಗುತ್ತಾನೆ. ಹಿಮ ಎಲ್ಲ ಕ್ರಿಸ್ಮಸ್ ಆಟದಲ್ಲೂ ಇರುತ್ತದೆ, ಆ ಕಾಫಿ ಲೋಟ ಅದೊಂದರಲ್ಲೇ. ಕಾಫಿ ಸೀಮೆಯ ಜಿಲ್ಲೆಯವರಾದ ನಿಮಗೆ ಇಂಥದ್ದು ಹೊಳೆಯದೇ?

ಪ್ರಶ್ನೆ: ಹಿಮವನ್ನೇ ಕಾಣದ ನಾವು ಕ್ರಿಸ್ಮಸ್ ಗೇಮಿಗೆ ಏನು ಚಿತ್ರ ಬರೆಯಬೇಕು? (ಹೊಳೆನರಸೀಪುರದಿಂದ)

ಉತ್ತರ: ಹಿಮ ಬೇಕೇ ಬೇಕು ಅಂತ ಯಾರು ಹೇಳಿದರು? ನಮ್ಮ ಡಿಸೆಂಬರಿಗೆ ಅದರದೇ ಬಣ್ಣವಿದೆ: ಇಬ್ಬನಿ ಕುಡಿದ ರಾಗಿ ಬಣವೆ, ಕೈಗೆ ಸೊಗಡು ಹತ್ತಿಸುವ ಅವರೆಕಾಯಿ, ಮನೆಯಂಗಳದಲ್ಲಿ ತೂಗುವ ಕಾಗದದ ನಕ್ಷತ್ರ, ಹುಲ್ಲು ಹಾಸಿದ ಗೋದಲಿ. ಒಮ್ಮೆ ಶೆಟ್ಟಿಹಳ್ಳಿಗೆ ಹೋಗಿ ಬನ್ನಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಅಲ್ಲಿದೆ. ಗೊರೂರು ಅಣೆಕಟ್ಟು ಆದ ಮೇಲೆ ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಅದನ್ನು ಅರ್ಧ ನುಂಗುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ಬಿಟ್ಟುಕೊಡುತ್ತದೆ. ಮಾಡಿಲ್ಲದ ಗೋಡೆ, ಒಂದರ ಹಿಂದೊಂದು ಕಮಾನು. ನೆಗೆಯುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಲೆವೆಲ್ಲಿಗೊಂದು ಮೊಳ ನೀರು ಏರುತ್ತಿರಲಿ, ಗೋದಲಿಯ ದೀಪ ಹಿಡಿದ ಹುಡುಗಿಯೊಬ್ಬಳು ಕಮಾನಿನಿಂದ ಕಮಾನಿಗೆ ಹಾರಲಿ. ಬರೆದ ಮೊದಲ ಚಿತ್ರವನ್ನು ನನಗೆ ಕಳಿಸಿ, ಕಾಯುತ್ತಿರುತ್ತೇನೆ.